ಶಾರ್ಜಾದ ಮನೆ ನೋಡಲು ದೇವದುರ್ಗಕ್ಕೆ

ಶಿವಗಂಗಾ ಅತ್ತೆಗೆ ಶಾರ್ಜಾದಿಂದ ಕರೆ ಬಂದಿದೆ ಎಂದು ತಿಳಿದ ಕೂಡಲೇ ನಮ್ಮ ಅಜ್ಜಿ ಚನ್ನಮಲ್ಲಮ್ಮ ಕೇಳಿದ ಮೊದಲ ಪ್ರಶ್ನೆ, ‘ಮನೆತನ ಹೆಂಗದ?’

‘ಮನೆತನ ಎಲ್ಲೀದು ಯವ್ವಾ? ನನ್ನ ಕೆಲಸಕ್ಕ ಕರೆಯಾಕತ್ತಾರ, ಮದಿವಿಗಲ್ಲ,’ ಎಂದು ಅತ್ತೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

‘ದೇಶ ಬಿಟ್ಟು ಹೋಗೂದಂದ್ರ ಕೊಟ್ಟು ಕಳಿಸಿದಂಗ. ಮನಿ ನೋಡಲಾರದ ನಾ ಕೊಡಂಗಿಲ್ಲ.’

ಮಾನ್ವಿಯ ನಮ್ಮ ಮನೆಯ ಮುಂದಿನ ಕೋಣೆಯೇ ಅತ್ತೆಯ ರೊಟ್ಟಿ ಅಂಗಡಿ. ಬೆಳಗಾಗುತ್ತಲೇ ಅಲ್ಲಿಂದ ಪಟಪಟ ಸದ್ದು ಶುರುವಾಗುತ್ತದೆ. ಖಾನಾವಳಿಯವರು, ಮದುವೆ ಮನೆಯವರು ಬಂದು ಬಟ್ಟೆಯಲ್ಲಿ ಕಟ್ಟಿಕೊಂಡು ಒಯ್ಯುತ್ತಾರೆ. ಈಗ ಕರೆದಿರುವವಳು ಅತ್ತೆಯ ಹಳೆಯ ಗೆಳತಿ ಹುಮೇರಾ. ಅವಳು ಶಾರ್ಜಾದಲ್ಲಿ ಮೆಸ್ ನಡೆಸುತ್ತಾಳೆ. ಊಟಕ್ಕೆ ಬರುವವರು ಅಲ್ಲಿ ಗಾಡಿ ಓಡಿಸುವ, ಕಟ್ಟಡ ಕಟ್ಟುವ ನಮ್ಮ ಸೀಮೆಯ ಗಂಡಸರು. ‘ಜ್ವಾಳದ ರೊಟ್ಟಿ ಇಲ್ಲದ ಇವರ ಮಾರಿ ನೋಡಾಕ ಆಗವಲ್ದು, ನೀ ಬಾ ಬೇ,’ ಎಂದು ಫೋನಿನಲ್ಲಿ ಹೇಳಿದ್ದಳು. ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಅನ್ನಬೇಕು. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾಳೆ.

ಆ ವಾರ ಊಟಕ್ಕೆ ಕುಳಿತಾಗಲೆಲ್ಲ ನಾವು ಶಾರ್ಜಾವನ್ನು ತೂಗಿದೆವು. ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿರುವ ಅಪ್ಪ ಬಿಸಿಲಿನಿಂದ ಶುರು ಮಾಡಿದರು.

‘ಅಲ್ಲಿ ಬಿಸಿಲು ಭಾಳಂತ ಶಿವಿ. ಮರಳುಗಾಡು.’

‘ಯಣ್ಣಾ, ಮೇ ತಿಂಗಳದಾಗ ರಾಯಚೂರು ಬಸ್ ಸ್ಟ್ಯಾಂಡಿನಾಗ ನಿಂತಾಕಿ ನಾನು. ನನಗ ಬಿಸಿಲಿನ ಹೆದರಿಕಿ ಹಾಕ್ತಿಯೇನು?’

‘ಹಂಗಲ್ಲ. ಆರಾಮ ತಪ್ಪಿದ್ರ ಯಾರು ನೋಡ್ತಾರ?’

‘ಇಲ್ಲಿ ಆರಾಮ ತಪ್ಪಿದಾಗೂ ನಾ ಹಂಚಿನ ಮುಂದೇ ಕುಂತಿರ್ತೀನಿ. ನೀ ಯಾವಾಗ ನೋಡಿದಿ?’

ಅಪ್ಪ ತಟ್ಟೆಯ ರೊಟ್ಟಿಯನ್ನು ಮುರಿದು, ಆ ತುಂಡನ್ನೇ ದಿಟ್ಟಿಸುತ್ತ, ‘ಇಂಥ ರೊಟ್ಟಿ ಇನ್ನ...’ ಎಂದು ನಿಲ್ಲಿಸಿದರು. ನಿಜವಾದ ಕಾರಣ ಬಾಯಿ ತಪ್ಪಿ ಹೊರಬಿದ್ದಿತ್ತು. ನಮ್ಮವ್ವ ಶಾರ್ಜಾದ ಪರ. ಸಂಬಳ, ಮರ್ಯಾದೆ, ಹೊಸ ಗಾಳಿ ಎಂದೆಲ್ಲ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಮುಂದಿನ ಕೋಣೆಯಲ್ಲಿ ತನ್ನ ಹೊಲಿಗೆ ಮಷಿನ್ನು ಎಲ್ಲಿ ಕೂತೀತೆಂದು ಕಣ್ಣಲ್ಲೇ ಅಳೆಯುತ್ತಿದ್ದಳು.

ನನ್ನ ಮನಸ್ಸಿನಲ್ಲಂತೂ ಅತ್ತೆ ಆಗಲೇ ಹಂಚನ್ನು ಬಗಲಲ್ಲಿಟ್ಟುಕೊಂಡು ಗಂಡಭೇರುಂಡದ ಬೆನ್ನೇರಿದ್ದಳು. ಕೆಳಗೆ ಏಳು ಸಮುದ್ರಗಳು ಏಳು ಬಣ್ಣದ ಸೀರೆಗಳ ಹಾಗೆ ಹಾಸಿಕೊಂಡಿದ್ದವು. ಅಜ್ಜಿಯ ಕಥೆ ಕೇಳಿ ಬೆಳೆದವರಿಗೆ ವೀಸಾ ಎಂಬುದು ತಕ್ಷಣ ನೆನಪಾಗುವುದಿಲ್ಲ. ಆದರೆ ಒಂದು ತೊಡಕಿತ್ತು. ಆ ಕಥೆಗಳಲ್ಲಿ ಸಮುದ್ರ ದಾಟಿದ ಹುಡುಗಿಯರನ್ನೆಲ್ಲ ಯಾರೋ ಹೊತ್ತೊಯ್ದದ್ದೇ; ರಾಕ್ಷಸ, ಇಲ್ಲವೇ ರಾಜಕುಮಾರ. ತಾನಾಗಿ ಟಿಕೆಟ್ ತೆಗೆಸಿ ಹೋದವಳು ಒಬ್ಬಳೂ ಇರಲಿಲ್ಲ.

ಅಜ್ಜಿ ಮನೆ ನೋಡಬೇಕೆಂದು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಅತ್ತೆಯನ್ನು ದೇವದುರ್ಗದ ಕಡೆಯ ಜಾಲಹಳ್ಳಿಗೆ ಮದುವೆ ಮಾಡಿ ಕೊಡುವಾಗ ಮನೆ ನೋಡಲು ಹೋದವರು ಬರೀ ಗಂಡಸರು. ಹೋಳಿಗೆ ತಿಂದು ಬಂದರು. ಹುಡುಗ ಹೇಗಿದ್ದಾನೆಂದು ಅಜ್ಜಿ ಕೇಳಿದರೆ, ‘ತುಪ್ಪ ಮನೀದೇ,’ ಎಂದರಂತೆ. ಆಮೇಲೆ ಗೊತ್ತಾಯಿತು, ಅದು ಸೊಸೆ ತವರಿಗೆ ಬರಬೇಕೆಂದರೆ ಗಂಡ, ಮಾವ, ಭಾವ ಎಲ್ಲರ ಅಪ್ಪಣೆ ಬೇಕಾದ ಮನೆ. ಒಂದು ದಿನ ಅತ್ತೆ ಯಾರ ಅಪ್ಪಣೆಯನ್ನೂ ಕೇಳದೆ ಮಾನ್ವಿಗೆ ಹೊರಟು ಬಂದಳು. ಆವತ್ತು ಅವಳ ಚೀಲ ಹೊತ್ತು ಬಸ್ ಹತ್ತಿಸಿದವಳು ಪಕ್ಕದ ಮನೆಯ ಸೊಸೆ, ಇದೇ ಹುಮೇರಾ.

ಆಗಿನಿಂದ ಅಜ್ಜಿಯದು ಒಂದೇ ಕಾಯಿದೆ. ಮನೆ ನೋಡಲು ಹೋದಲ್ಲಿ ಒಪ್ಪಿಗೆಯಾಗುವ ತನಕ ಹನಿ ನೀರನ್ನೂ ಮುಟ್ಟಬಾರದು.

‘ಶಾರ್ಜಾ ದೂರ ಆತು. ಹುಮೇರಾನ ತವರುಮನಿ ದೇವದುರ್ಗದಾಗ ಅದ ಹೌದಿಲ್ಲ? ಅಲ್ಲಿಂದಲೇ ನೋಡಿದ್ರಾತು,’ ಎಂದು ತೀರ್ಮಾನಿಸಿದಳು. ಗುರುವಾರ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಬೀಗರ ಮನೆಗೆಂದೇ ಎತ್ತಿಟ್ಟ ಇಳಕಲ್ ಸೀರೆ ಉಟ್ಟು ಅಜ್ಜಿ ಮುಂದೆ, ಅತ್ತೆ ಹಿಂದೆ, ಮೊಬೈಲು ಹಿಡಿಯಲು ನಾನು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಅವಳಿಗೆ ಹೋಗುವ ಮನಸ್ಸಿದೆಯೋ ಇಲ್ಲವೋ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ದೇವದುರ್ಗದಲ್ಲಿ ಹುಮೇರಾಳ ತಾಯಿ ಸೂಫಿಯಾ ಚಾಚಿ ಬಾಗಿಲಲ್ಲೇ ಕಾಯುತ್ತಿದ್ದಳು.

‘ಬರ್ರಿ ಬರ್ರಿ, ಕುಂದರ್ರಿ. ಬಸ್ಸಿನಾಗ ತಕಲೀಫ್ ಆತೇನ್ರಿ? ಮೊದಲ ಚಾ ಕುಡೀರಿ.’

‘ಚಾ ಬ್ಯಾಡ,’ ಅಂದಳು ಅಜ್ಜಿ.

ಚಾಚಿಯ ಕೈ ಅಲ್ಲೇ ನಿಂತಿತು. ಇಂಥ ‘ಬ್ಯಾಡ’ ಆಕೆಗೆ ಹೊಸದಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಗುವನ್ನು ಮಡಚಿ ಒಳಗಿಟ್ಟು, ಮೆಲ್ಲಗೆ, ‘ಬ್ಯಾರೆ ಗಿಲಾಸಿನಾಗ ಕೊಡ್ಲೇನ್ರಿ? ಯಾರೂ ಮುಟ್ಟಲಾರದ್ದು ಅದ,’ ಎಂದಳು. ನನಗೆ ಕುಳಿತಲ್ಲೇ ಕುಗ್ಗಿಹೋದಂತಾಯಿತು.

‘ಗಿಲಾಸಿನ ಮಾತಲ್ಲವ್ವಾ!’ ಅಜ್ಜಿ ಗಾಬರಿಯಾದಳು. ‘ನಾ ಮನಿ ನೋಡಾಕ ಬಂದೀನಿ. ಒಪ್ಪಿಗಿ ಆಗಲಿ, ನಿನ್ನ ಗಿಲಾಸಿನಾಗೇ ಎರಡು ಸರ್ತಿ ಕುಡೀತೀನಿ. ಒಪ್ಪೂಕಿಂತ ಮೊದಲ ತಿಂದ್ರ ಕಣ್ಣಿಗೆ ತುಪ್ಪ ಅಡ್ಡ ಬರ್ತದ.’

ಜಾಲಹಳ್ಳಿಯ ಹೋಳಿಗೆಯ ಕಥೆಯನ್ನು ಪೂರ್ತಿ ಕೇಳಿದ ಮೇಲೆ ಚಾಚಿಯ ಮಡಚಿದ ನಗು ದೊಡ್ಡದಾಗಿ ಬಿಚ್ಚಿಕೊಂಡಿತು. ‘ಹಂಗಾದ್ರ ನಾ ಗಂಡಿನ ಕಡ್ಯಾಕಿ ಅನ್ರಿ!’ ಎಂದು ದುಪಟ್ಟಾ ಸರಿಮಾಡಿಕೊಂಡು, ಎದೆಯುಬ್ಬಿಸಿ ಕುಳಿತಳು. ‘ನಮ್ಮ ಶಾರ್ಜಾ ಭಾಳ ಸಂಭಾವಿತ ನೋಡ್ರಿ ಬೀಗತಿ. ಕುಡಿಯಂಗೇ ಇಲ್ಲ. ಊರಾಗ ಶೆರೆ ಅನ್ನೂದೇ ಬಂದ್.’

‘ಇದೊಂದು ಚಲೋ ಆತು,’ ಅಜ್ಜಿ ತಲೆಯಾಡಿಸಿದಳು. ಚಹಾ ಒಲೆಗೆ ವಾಪಸ್ಸಾಯಿತು.

ನಾನು ಹುಮೇರಾಳಿಗೆ ವಿಡಿಯೋ ಕಾಲ್ ಹಚ್ಚಿದೆ. ಅವಳ ಹಿಂದೆ ದೊಡ್ಡ ಪಾತ್ರೆಗಳಿಂದ ಹಬೆ ಏಳುತ್ತಿತ್ತು.

‘ಎಷ್ಟು ಸಮುದ್ರ ದಾಟಬೇಕವ್ವಾ ನಿಮ್ಮೂರಿಗೆ?’ ಅಜ್ಜಿ ಕೇಳಿದಳು.

‘ಒಂದೇ ರೀ ಅಮ್ಮಾ.’

‘ಒಂದಾ?’ ಅಜ್ಜಿಯ ಮುಖದಲ್ಲಿ ನಿರಾಸೆ. ಇಷ್ಟು ಗದ್ದಲ ಮಾಡಿದ್ದು ಒಂದು ಸಮುದ್ರಕ್ಕೇ ಎಂಬಂತೆ ನನ್ನ ಕಡೆ ನೋಡಿದಳು. ‘ಹೋಗ್ಲಿ. ನೀರು ಎಲ್ಲೀದು?’

‘ಸಮುದ್ರದ್ದೇ ರೀ. ಉಪ್ಪು ತೆಗೆದು ನಳಕ್ಕ ಬಿಡ್ತಾರ.’

‘ತೆಗೆದ ಉಪ್ಪು ಏನ್ ಮಾಡ್ತಾರ?’

ಹುಮೇರಾ ಆ ಕಡೆ ಯಾರನ್ನೋ ಕೇಳಿದಳು. ಅವರೂ ಇನ್ಯಾರನ್ನೋ ಕೇಳಿದರು. ಗೊತ್ತಿಲ್ಲ ಎಂಬ ಉತ್ತರ ಬಂತು. ‘ಸುಳ್ಳು ಹೇಳಲಿಲ್ಲ,’ ಎಂದು ಅಜ್ಜಿ ಅದನ್ನೂ ಒಳ್ಳೆಯ ಗುಣಕ್ಕೇ ಸೇರಿಸಿದಳು.

‘ಮನ್ಯಾಗ ಹಿರೇಮನುಷ್ಯಾಳು ಯಾರು?’

‘ನಾನೇ ರೀ.’

‘ನಿನ್ನ ಬಾಯಿ ಹೆಂಗದ?’

ಹುಮೇರಾ ತಡವರಿಸುವಷ್ಟರಲ್ಲಿ ಚಾಚಿ ಒಲೆಯ ಮುಂದಿನಿಂದಲೇ ಕೂಗಿದಳು: ‘ಜೋರದ್ರಿ! ಹೆತ್ತಾಕಿ ನಾನು, ಯಾಕ ಮುಚ್ಚಿಡಲಿ?’

‘ಅಮ್ಮೀ, ನೀ ಯಾರ ಕಡ್ಯಾಕಿ?’ ಎಂದು ಹುಮೇರಾ ಚೀರಿದಳು.

ಆಮೇಲೆ ಅಜ್ಜಿ ಮೊಬೈಲಿನಲ್ಲೇ ಮೆಸ್ಸಿನ ಅಡುಗೆಮನೆ ನೋಡಿದಳು, ಹಿಟ್ಟಿನ ಡಬ್ಬಿ ನೋಡಿದಳು. ಹಿಟ್ಟನ್ನು ಬೆರಳಲ್ಲಿ ಉಜ್ಜಿ ತೋರಿಸೆಂದು ಹೇಳಿ, ಕಣ್ಣು ಸಣ್ಣ ಮಾಡಿ, ‘ಹಳೇದು, ಜಿಗಿ ಇಲ್ಲ, ರೊಟ್ಟಿ ಹರೀತದ,’ ಎಂದು ಗೊಣಗಿದಳು. ‘ಅದಕ್ಕೇ ಕಾಳು ತರಿಸಿ ಇಲ್ಲೇ ಬೀಸಬೇಕಂತ ಮಾಡೀನ್ರಿ,’ ಎಂದಳು ಹುಮೇರಾ. ಅತ್ತೆ ಮಲಗುವ ಕೋಣೆ ಬಂತು. ಇನ್ನೊಬ್ಬ ಅಡುಗೆಯಾಕೆಯ ಜೊತೆ ಹಂಚಿಕೊಳ್ಳಬೇಕಾದ ಕೋಣೆ. ಮಂಚ ಇತ್ತು, ಫ್ಯಾನಿತ್ತು, ಎಸಿಯೂ ಇತ್ತು.

‘ಕಿಟಕಿ ತೆಗಿ.’

ತೆರೆದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ನನ್ನ ಗಂಡಭೇರುಂಡ ಆ ಗೋಡೆಗೆ ಡಿಕ್ಕಿ ಹೊಡೆದು ಕೆಳಗೆ ಕುಳಿತಿತು.

‘ಗೋಡಿ,’ ಎಂದಳು ಅಜ್ಜಿ.

‘ಹೌದ್ರಿ ಅಮ್ಮಾ. ಗೋಡೀನೇ.’

ಅಜ್ಜಿ ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಳು. ಒಲೆಯ ಮೇಲೆ ಚಹಾ ಕುದಿಕುದಿದು ಕಷಾಯವಾಗಿ, ಮನೆಯೆಲ್ಲ ಶುಂಠಿಯ ವಾಸನೆ. ಕೊನೆಗೆ ಕಣ್ಣು ತೆರೆದು ತೀರ್ಪು ಕೊಟ್ಟಳು: ‘ಹಿಟ್ಟು ಹಳೇದು, ಕಿಟಕಿಗೆ ಗೋಡಿ, ಒಡತಿ ಬಾಯಿ ಜೋರು. ಆದ್ರ ಒಂದನ್ನೂ ಮುಚ್ಚಿಡಲಿಲ್ಲ. ನನಗ ಒಪ್ಪಿಗಿ. ಸೂಫಿಯಾ, ಚಾ ತಾರವ್ವಾ.’

ಚಾಚಿ ಗಿಲಾಸು ತಂದಳು. ಅಜ್ಜಿ ಕೈ ಚಾಚಿದಳು. ಅತ್ತೆ ಆ ಕೈಯನ್ನು ಹಿಡಿದುಕೊಂಡಳು.

‘ತಡಿ ಯವ್ವಾ. ನೀ ಒಪ್ಪಿದಿ. ನಾ ಇನ್ನೂ ಒಪ್ಪಿಲ್ಲ.’

ಅತ್ತೆ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡಳು.

‘ಹುಮೇರಾ, ಒಂದ್ ಮಾತು. ಅಲ್ಲಿ ನನಗ ಸಾಕು ಅನಿಸಿದ್ರ ಯಾರ ಅಪ್ಪಣಿ ತಗೊಂಡು ಬರಬೇಕು?’

ಆ ಕಡೆ ಪಾತ್ರೆಗಳ ಸದ್ದು ನಿಂತಿತು. ಹುಮೇರಾ ಬಾಗಿಲು ಹಾಕಿಕೊಂಡು ಬಂದು ಕುಳಿತಿದ್ದಳು.

‘ಯಾರದೂ ಇಲ್ಲ ಶಿವಿ. ಮೊದಲ ತಿಳಿಸಬೇಕು, ನಾ ಬ್ಯಾರೆಯವರನ್ನ ಹುಡುಕೋ ತನಕ ತಡೀಬೇಕು. ಅಷ್ಟ. ಪಾಸ್‌ಪೋರ್ಟ್ ನಿನ್ನ ಚೀಲದಾಗೇ ಇರ್ತದ. ಯಾರರ ಕೇಳಿದ್ರ, ನಾನೇ ಕೇಳಿದ್ರೂ, ಕೊಡಬ್ಯಾಡ.’

‘ನಿನ್ನ ಬಾಯಿ ಜೋರಂತ.’

‘ಹೌದು.’

‘ನಂದೂ ಜೋರದ.’

‘ಗೊತ್ತದ ಬೇ. ಅದಕ್ಕೇ ಕರೆಯಾಕತ್ತೀನಿ. ಇಲ್ಲಿ ಎಲ್ಲಾರೂ ನನಗ ಜೀ ಜೀ ಅಂತಾರ. ಜಗಳಾಡಾಕ ಒಬ್ಬರಿಲ್ಲ.’

ಅತ್ತೆ ನಕ್ಕಳು. ಆದರೂ ಹೂಂ ಅನ್ನಲಿಲ್ಲ. ‘ಮೊದಲ ನಾ ನೋಡಾಕ ಬರ್ತೀನಿ. ಸ್ವಲ್ಪ ದಿನ ಇರ್ತೀನಿ. ಹಿಡಿಸಿದ್ರ ಆಮೇಲೆ ಕೆಲಸದ ಮಾತು. ಅಲ್ಲೀತನಕ ತಡೀತಿಯಾ?’

‘ತಡೀತೀನಿ. ಆದ್ರ ನೋಡಾಕ ಬರೂ ವೀಸಾದಾಗ ಕೆಲಸ ಮಾಡಂಗಿಲ್ಲ ನೋಡು, ಕಾನೂನು ಇಲ್ಲ. ಒಂದ್ ರೊಟ್ಟಿನೂ ಬಡಿಯಂಗಿಲ್ಲ. ಸುಮ್ನ ಕುಂತು ಉಣ್ಣಬೇಕು.’

‘ಕುಂತು ಉಣ್ಣೂದಾ?’ ಎಂದಳು ಅತ್ತೆ. ಏಳು ಸಮುದ್ರದಾಚೆಯ ಹವಳದ ಅರಮನೆಯ ಸುದ್ದಿ ಕೇಳಿದಾಗ ಚಿಕ್ಕಂದಿನಲ್ಲಿ ನನ್ನ ಬಾಯಿ ಹೀಗೆಯೇ ತೆರೆದಿರುತ್ತಿತ್ತೇನೋ. ‘ಸರ್ಕಾರದವರೇ ಹಂಗ ಹೇಳ್ಯಾರ?’

‘ಸರ್ಕಾರದವರೇ.’

‘ಹೆಣ್ಣು ತಾನೇ ಮನಿ ನೋಡಾಕ ಹೋಗೂದು ಎಲ್ಲೀ ಪದ್ಧತಿ?’ ಅಜ್ಜಿ ತಡೆದಳು.

‘ಗಂಡಸರು ಹೋಗಿ ಬಂದದ್ದು ನೋಡೀವಲ್ಲ ಯವ್ವಾ.’

ಅಜ್ಜಿ ಚಹಾದ ಗಿಲಾಸನ್ನು ನೋಡಿದಳು, ಮಗಳನ್ನು ನೋಡಿದಳು. ಒಪ್ಪಿಗೆಯಾಗಿಲ್ಲ, ಕಾಯಿದೆ ತನ್ನದೇ. ‘ಬೀಗತಿ, ಈ ಚಾ ಏನ್ ಮಾಡ್ಲಿ?’ ಎಂದು ಚಾಚಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ನೀ ಕುಡಿಯವ್ವಾ. ನಾ ವಾಸನಿ ತಗೋತೀನಿ.’

ಮುಂದಿನ ವಾರ ರಾಯಚೂರಿನ ಪಾಸ್‌ಪೋರ್ಟ್ ಆಫೀಸಿನಲ್ಲಿ ಅರ್ಜಿ ಹಾಕಿದವರನ್ನು ಮಾತ್ರ ಒಳಗೆ ಬಿಟ್ಟರು. ಅಜ್ಜಿ, ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತೆವು. ಮಗಳು ಬಾಗಿಲ ಹಿಂದೆ ಮರೆಯಾದ ಮೇಲೆ ಅಜ್ಜಿ ಒಂದೇ ಸಮನೆ ಕೇಳತೊಡಗಿದಳು.

‘ಒಳಗ ಏನ್ ಮಾಡ್ತಾರ?’

‘ಕಾಗದ ನೋಡ್ತಾರ, ಫೋಟೋ ತೆಗೀತಾರ ಅಜ್ಜಿ.’

‘ಮುಂದ?’

‘ಬೆರಳಿನ ಗುರುತು ತಗೋತಾರ.’

ಅಜ್ಜಿ ಬೆಚ್ಚಿದಳು. ‘ಐಶೂ, ಆಕಿ ಬೆರಳು ಹಂಚಿಗೆ ಸುಟ್ಟು ಸುಟ್ಟು ನುಣ್ಣಗಾಗ್ಯಾವಲ್ಲ. ಗುರುತು ಎಲ್ಲಿ ಉಳಿದಾವು?’

ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬಿಸಿಲು, ನೀರು, ಕಿಟಕಿ, ಬಾಯಿ ಎಲ್ಲವನ್ನೂ ತೂಗಿದ್ದೆವು. ಅತ್ತೆಯ ಬೆರಳ ತುದಿಗಳನ್ನು ನೋಡಿರಲಿಲ್ಲ. ಅಜ್ಜಿ ನನ್ನ ಕೈ ಹಿಡಿದುಕೊಂಡಳು. ‘ಮುಂದ ಏನಾಕ್ತದ?’ ಎಂದಳು. ಕಥೆಯ ನಡುವೆ ಅವಳನ್ನು ನಾನು ಕೇಳುತ್ತಿದ್ದ ಪ್ರಶ್ನೆ. ನನಗೂ ಗೊತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅತ್ತೆ ಹೊರಬಂದಳು. ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು.

‘ಬಂದ್ವೇನು?’ ಅಜ್ಜಿ ಓಡಿದಳು.

‘ಮೊದಲ ಒಂದೂ ಬರಲಿಲ್ಲ. ಆ ಹುಡುಗಿ ಒರಸ್ತಾಳ, ಒತ್ತತಾಳ, ಮತ್ತ ಒರಸ್ತಾಳ. ಕಡಿಗೆ ಬಂದ್ವು.’ ಅತ್ತೆ ಅಂಗೈ ಬಿಡಿಸಿ, ಯಾರದೋ ಕೈ ನೋಡುವವಳಂತೆ ತನ್ನದನ್ನೇ ನೋಡಿಕೊಂಡಳು. ‘ಕೆಲಸಕ್ಕ ಸ್ವಲ್ಪ ರಜಾ ಕೊಡ್ರಿ ಅಕ್ಕಾ, ಗೆರಿ ಮತ್ತ ಮೂಡ್ತಾವ ಅಂದ್ಳು.’

‘ನೀ ಏನಂದಿ?’

‘ಹೂಂ ಅಂದೆ,’ ಎಂದು ಅತ್ತೆ ರಸ್ತೆಯ ಕಡೆ ಹೊರಟಳು. ‘ಹಸಿವಾಗ್ಯದ. ನಡೀರಿ, ಇನ್ನೊಬ್ಬರು ಮಾಡಿದ್ದು ಉಣ್ಣೂಣು.’