ರೊಟ್ಟಿಯ ಸುತ್ತಳತೆ

ಮೂರನೆಯ ರೊಟ್ಟಿಯೂ ಎತ್ತುವಾಗ ಹರಿಯಿತು. ಅರ್ಧ ಹಂಚಿನ ಮೇಲೆ ಬಿತ್ತು, ಅರ್ಧ ಹಿಟ್ಟು ಬಡಿಯುವ ಕೊಣಮಿಗೆಯಲ್ಲೇ ಉಳಿಯಿತು. ಇಂದ್ರಾಬಾಯಿ ಉಳಿದ ಅರ್ಧವನ್ನು ಮತ್ತೆ ಮುದ್ದೆ ಮಾಡಿ, ಒಣಹಿಟ್ಟು ಉದುರಿಸಿ, ನಾಲ್ಕನೆಯ ಸಲ ಬಡಿಯತೊಡಗಿದಳು. ಹೊಗೆಗೆ ಕಣ್ಣುರಿಯುತ್ತಿತ್ತು. ಶಾಲೆಯ ಗಂಟೆಗೆ ಇನ್ನೊಂದು ತಾಸು ಮಾತ್ರ ಇತ್ತು, ತಲೆ ಬಾಚಿರಲಿಲ್ಲ.

ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಗಣಿತ ಕಲಿಸುವ ಇಂದ್ರಾಬಾಯಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹತ್ತು ವರ್ಷದವಳಿದ್ದಾಗ ತಾಯಿ ಅವಳ ಕೈಯಿಂದ ಹಿಟ್ಟು ಕಸಿದುಕೊಂಡು, "ನಿನ್ನ ಕೈಗೆ ರೊಟ್ಟಿ ಬರೂದಿಲ್ಲ, ಹೋಗಿ ಓದಕೋ ಹೋಗು" ಎಂದಿದ್ದಳು. ಅವಳು ಹೋಗಿ ಓದಿಕೊಂಡಳು. ಮದುವೆಯಾದ ಮೇಲೆ ಅತ್ತೆ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು: "ನಮ್ಮ ಸೊಸಿ ರೊಟ್ಟಿ ಬಡದಾಳ ನೋಡ್ರಿ, ವಿಜಾಪುರ ಜಿಲ್ಲಾದ ನಕಾಶಿ!" ಅತ್ತೆ ತೀರಿಕೊಂಡು ಐದು ವರ್ಷವಾಗಿತ್ತು. ಈಗ ಆ ಮಾತಾಡುವವರು ಯಾರೂ ಇರಲಿಲ್ಲ. ಗಂಡ ಸಿದ್ದರಾಯ ಆಲಮಟ್ಟಿಯಲ್ಲಿ ಕಾಲುವೆ ಕೆಲಸದ ಮೇಲಿದ್ದ. ಶನಿವಾರ ಸಂಜೆ ಬರುವಾಗ ಅಲ್ಲಿಯ ಮೆಸ್ಸಿನಿಂದ ಎಂಟು ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡೇ ಬಸ್ಸು ಹತ್ತುತ್ತಿದ್ದ. ವಾರದ ಉಳಿದ ದಿನ ಓಣಿಯ ಕಾಶಿಬಾಯಿ ರೊಟ್ಟಿ ಮಾಡಿಕೊಡುತ್ತಿದ್ದಳು. ಕೊಣಮಿಗೆ ಮಂಚದ ಕೆಳಗೆ ಬಿದ್ದಿರುತ್ತಿತ್ತು.

ಆದರೆ ಕಾಶಿಬಾಯಿ ಮಗಳ ಹೆರಿಗೆಗೆಂದು ಸಿಂದಗಿಗೆ ಹೋಗಿದ್ದಳು. ಇವತ್ತು ಇಂದ್ರಾಬಾಯಿಗೆ ಒಂದು ರೊಟ್ಟಿ ಬೇಕೇ ಬೇಕಿತ್ತು. ತಿನ್ನಲಿಕ್ಕಲ್ಲ, ಪಾಠಕ್ಕೆ.

ನಡೆದದ್ದು ಹಿಂದಿನ ದಿನ. ಒಂಬತ್ತನೇ ಇಯತ್ತೆಯ ಹದಿನೆಂಟು ಹುಡುಗಿಯರು "ಪೈ ಅಂದರೆ ಇಪ್ಪತ್ತೆರಡು ಭಾಗಿಸು ಏಳು" ಎಂದು ರಾಗವಾಗಿ ಹೇಳಿದ್ದರು. ಹೇಳಿ ಮುಗಿದ ಮೇಲೆ ಮುಂದಿನ ಸಾಲಿನ ರಾಜಬಿ ಕೈ ಎತ್ತಿ, "ಇಪ್ಪತ್ತೆರಡ ಯಾಕ್ರಿ ಬಾಯಾರ? ಇಪ್ಪತ್ಮೂರ ಆಗಿದ್ರ ಏನಾಕ್ಕಿತ್ರಿ?" ಎಂದು ಕೇಳಿದಳು. ಇಂದ್ರಾಬಾಯಿ ಹನ್ನೊಂದು ವರ್ಷ ಕಲಿಸಿದ್ದರೂ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಅದೇ ದಿನ, ಪಾಠ ಮುಗಿದ ಮೇಲೆ, ಕೊನೆಯ ಸಾಲಿನ ಗುಂಡವ್ವ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟಿದ್ದಳು. ಗಣಿತ ಬಿಟ್ಟು ಅದರ ಬದಲು ಗೃಹವಿಜ್ಞಾನ ತೆಗೆದುಕೊಳ್ಳುವ ಅರ್ಜಿ. ಕೆಳಗೆ ಅವಳಪ್ಪ, ಕುರಿ ಕಾಯುವ ಧೂಳಪ್ಪನ ಹೆಬ್ಬೆಟ್ಟಿತ್ತು. ಗಣಿತದ ಬಾಯಾರ ಸಹಿ ಒಂದು ಬಾಕಿ. ಶನಿವಾರದೊಳಗೆ ಹೆಡ್‌ಮಾಸ್ತರರಿಗೆ ಮುಟ್ಟಬೇಕು.

"ಯಾಕ, ಗುಂಡವ್ವ?"

"ನನ್ನ ತಲಿಗೆ ಗಣಿತ ಬರೂದಿಲ್ರಿ ಬಾಯಾರ. ಹುಟ್ಟಿನಿಂದನ ಹಂಗ."

ಇದೇ ಹುಡುಗಿ ಹಿಂದಿನ ವರ್ಷ, "ನಾನೂ ನಿಮ್ಮಂಗ ಬಾಯಾರ ಆಗ್ತೇನಿ" ಎಂದಿದ್ದವಳು. ಗಣಿತ ಬಿಟ್ಟವರಿಗೆ ಟ್ರೇನಿಂಗ್ ಕಾಲೇಜಿನಲ್ಲಿ ಸೀಟು ಸಿಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹಾಗಾಗಿಯೇ ಅರ್ಜಿ ಇಟ್ಟವಳು ಮುಖ ಎತ್ತಲಿಲ್ಲ.

ಅರ್ಜಿಯನ್ನು ಪುಸ್ತಕದೊಳಗೆ ಇಟ್ಟುಕೊಂಡು ಹೊರಡುವಾಗ ಇಂದ್ರಾಬಾಯಿಗೆ ಏನು ತೋಚಿತೋ, ಬಾಗಿಲಲ್ಲಿ ತಿರುಗಿ ನಿಂತು, "ನಾಳೆ ಎಲ್ಲಾರೂ ಮನಿಯಿಂದ ಒಂದೊಂದು ರೊಟ್ಟಿ ತರ್ರಿ. ದುಂಡಗ ಇರಬೇಕು. ಇಪ್ಪತ್ತೆರಡ ಯಾಕಂತ ರೊಟ್ಟೀನ ಹೇಳತೈತಿ" ಎಂದಿದ್ದಳು.

ನಾಲ್ಕನೆಯದು ಹರಿಯಲಿಲ್ಲ. ಆದರೆ ಒಂದು ಕಡೆ ಮೂಲೆ ಚಾಚಿಕೊಂಡು, ಇನ್ನೊಂದು ಕಡೆ ಯಾರೋ ಕಚ್ಚಿ ತೆಗೆದಂತಿತ್ತು. ಅವಳು ಅದನ್ನು ಬೇಯಿಸಿ, ಕಾಗದದಲ್ಲಿ ಸುತ್ತಿ, ಚೀಲದ ತಳದಲ್ಲಿ ಹಾಕಿಕೊಂಡಳು. ಬೇಕಾದರೆ ತೆಗೆಯುವುದು, ಇಲ್ಲದಿದ್ದರೆ ಇಲ್ಲ.

ತರಗತಿಗೆ ಕಾಲಿಟ್ಟವಳೇ ನಿಂತುಬಿಟ್ಟಳು. ಪ್ರತಿ ಡೆಸ್ಕಿನ ಮೇಲೂ ಒಂದೊಂದು ಗಂಟು. ಬುತ್ತಿಯ ಗಂಟು! ಖಾರದ ವಾಸನೆ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ, ಮೊಸರಿನ ಗಡಿಗೆ ಬೇರೆ.

"ಇದೇನವಾ ಇದು? ನಾ ಒಂದೊಂದ ರೊಟ್ಟಿ ಅಂದಿದ್ದೆ."

ರಾಜಬಿಯೇ ಬಾಯಿ ಬಿಟ್ಟಳು. "ಬಾಯಾರ, ನಮ್ಮವ್ವ ಅಂದ್ಲ್ರಿ, ಪಾಪ, ಗಂಡ ಆಲಮಟ್ಟ್ಯಾಗ, ರೊಟ್ಟಿ ಮಾಡೂ ಕಾಶಿಬಾಯಿ ಸಿಂದಗ್ಯಾಗ. ಬಾಯಾರು ನಾಕ ದಿನದಿಂದ ಉಪಾಸ ಅದಾರ, ನಾಚಿಕಿಗಿ ಬಾಯಿಬಿಟ್ಟ ಹೇಳಾಕ ಆಗದ ಪಾಠದ ನೆವಾ ಮಾಡ್ಯಾರ. ಬರೇ ರೊಟ್ಟಿ ಹೆಂಗ ಕಳಸೂದು, ಪಲ್ಯಾನೂ ಒಯ್ಯಿ ಅಂದ್ಲ್ರಿ."

"ನಮ್ಮವ್ವನೂ ಹಂಗ ಅಂದ್ಲ್ರಿ." "ನಮ್ಮಾಯೀನೂ." "ನಮ್ಮ ಮನ್ಯಾಗ ಎಣ್ಣಿಗಾಯಿ ಮಾಡ್ಯಾರ್ರಿ."

ಇಡೀ ಊರು ತನ್ನ ಅಡುಗೆಮನೆಯನ್ನು ಇಣುಕಿ ನೋಡಿ, ಮರುಗಿ, ಬುತ್ತಿ ಕಟ್ಟಿತ್ತು. ಇಂದ್ರಾಬಾಯಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. ಬಾಯಾರು ನಕ್ಕದ್ದೇ ತಡ, ಹದಿನೆಂಟೂ ಮಂದಿ ಬಿದ್ದು ಬಿದ್ದು ನಕ್ಕರು.

ನಕ್ಕದ್ದಾಯಿತು, ಪಾಠದ ಗತಿ? ಪಲ್ಯಕ್ಕೆ ಜೊತೆಯೆಂದು ತಾಯಂದಿರು ಖಟಕ ರೊಟ್ಟಿ ಬಿಟ್ಟು ಬಿಸಿಬಿಸಿ ಮೆತ್ತಗಿನ ರೊಟ್ಟಿಯನ್ನೇ ಮಡಚಿ, ಅರಿವೆಯಲ್ಲಿ ಕಟ್ಟಿ ಕಳಿಸಿದ್ದರು. ಕೆಲವಕ್ಕೆ ಶೇಂಗಾ ಹಿಂಡಿ ಮೆತ್ತಿತ್ತು. ಇಂದ್ರಾಬಾಯಿ ಪಲ್ಯಗಳನ್ನೆಲ್ಲ ಕಿಟಕಿಯ ಕಟ್ಟೆಗೆ ಸಾಲಾಗಿ ಇಡಿಸಿದಳು. ರೊಟ್ಟಿಗಳನ್ನು ಬಿಚ್ಚಿ ಡೆಸ್ಕಿನ ಮೇಲೆ ಹರವಿಸಿದಳು. ಒಬ್ಬೊಬ್ಬರಿಗೂ ಒಂದು ದಾರ, ಒಂದು ಫೂಟುಪಟ್ಟಿ.

"ದಾರ ಅಂಚಿಗುಂಟ ಸುತ್ತಿ ಅಳೀರಿ. ಆಮ್ಯಾಲ ಅಡ್ಡ ಅಳೀರಿ. ಸುತ್ತಳತಿಗಿ ಅಡ್ಡಳತಿಯಿಂದ ಭಾಗಿಸ್ರಿ. ಎಷ್ಟ ಬರತೈತಿ ನೋಡೂನು."

ಬಂದದ್ದು ಒಬ್ಬೊಬ್ಬರದು ಒಂದೊಂದು. ರಾಜಬಿಗೆ ಮೂರು ಪಾಯಿಂಟ್ ಆರು. ಅವಳ ಪಕ್ಕದವಳಿಗೆ ಮೂರು ಪಾಯಿಂಟ್ ನಾಲ್ಕು. ಒಬ್ಬಳಿಗಂತೂ ನಾಲ್ಕೇ ಬಂದಿತ್ತು. "ಬಾಯಾರ, ಪುಸ್ತಕದಾಗ ಸುಳ್ಳ ಬರದಾರ್ರಿ" ಎಂದು ರಾಜಬಿ ತೀರ್ಪು ಕೊಟ್ಟಳು.

ತಪ್ಪೆಲ್ಲಿದೆ ಎಂಬುದು ಇಂದ್ರಾಬಾಯಿಗೆ ಕಾಣುತ್ತಿತ್ತು. ಹುಡುಗಿಯರು ಎಲ್ಲಿ ಬೇಕೋ ಅಲ್ಲಿ ಅಡ್ಡ ಅಳೆದಿದ್ದರು. ಪಟ್ಟಿ ನಟ್ಟನಡುವೆ ಹಾಯದೆ ಪಕ್ಕಕ್ಕೆ ಸರಿದಿತ್ತು, ಅಡ್ಡಳತೆ ಗಿಡ್ಡಾಗಿತ್ತು. ಹೇಳಿಬಿಡಲು ನಾಲಿಗೆ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. "ಅಡ್ಡ ಅಂದ್ರ ಎಲ್ಲಿ ಅಡ್ಡ? ನಟ್ಟನಡಬರಕ ಹಾಯಬೇಕು. ಆ ನಡಬರಕ ಎಲ್ಲೈತಿ, ಹೆಂಗ ಹುಡುಕೂದು?"

ಒಬ್ಬಳು ಕಣ್ಣಂದಾಜಿನಲ್ಲಿ ಬೆರಳಿಟ್ಟಳು. ಇನ್ನೊಬ್ಬಳು ಅದಲ್ಲ, ಇಲ್ಲಿ ಎಂದಳು. ಜಗಳ ಹತ್ತಿತು.

"ಅದರಾಗ ಹುಡಕೂದೇನೈತಿ?" ಎಂದು ಯಾರೋ ಗೊಣಗಿದರು. ಕೊನೆಯ ಸಾಲಿನಿಂದ.

"ಯಾರದು? ಜೋರಾಗಿ ಹೇಳು."

ಗುಂಡವ್ವ ಎದ್ದು ನಿಂತಳು, ಬೈಯುತ್ತಾರೇನೋ ಎನ್ನುವಂತೆ. "ಅಲ್ರಿ... ರೊಟ್ಟಿ ಮಡಚೇ ತಂದೇವಲ್ರಿ. ಅಂಚಿಗಿ ಅಂಚ ಕೂಡಿಸಿ ಮಡಚಿದ್ರ ಗೆರಿ ಬೀಳತೈತಿ. ಆ ಗೆರಿ ನಡಬರಕ ಹಾದ ಹೋಗಾಕ ಬೇಕಲ್ರಿ. ಇನ್ನೊಂದ ಸಲ ಬ್ಯಾರೆ ಕಡಿ ಮಡಚಿದ್ರ ಇನ್ನೊಂದ ಗೆರಿ. ಎರಡೂ ಕೂಡಿದಲ್ಲೆ ನಡಬರಕ."

ವೃತ್ತದ ಕೇಂದ್ರ ಕಂಡುಹಿಡಿಯುವುದನ್ನು ಇಂದ್ರಾಬಾಯಿ ಕಂಪಾಸು ಹಿಡಿದು, ಎರಡು ಜ್ಯಾ ಎಳೆದು, ಲಂಬ ಹಾಕಿ, ಬೋರ್ಡು ತುಂಬ ಸೀಮೆಸುಣ್ಣ ಸುರಿದು ಕಲಿಸುತ್ತಿದ್ದಳು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಗುಂಡವ್ವ ಖಾಲಿ ಹಾಳೆ ಕೊಟ್ಟಿದ್ದಳು.

"ಬಾ ಮುಂದ. ಮಾಡಿ ತೋರಸು."

ಗುಂಡವ್ವ ತನ್ನ ರೊಟ್ಟಿ ಎತ್ತಿಕೊಂಡು ಬಂದಳು. ತೆಳ್ಳಗೆ, ಹಪ್ಪಳದ ಹಾಗೆ ಅಂಚು ಸಮ. ಅಂಚಿಗೆ ಅಂಚು ಕೂಡಿಸಿ ಮಡಚಿ ಬಿಡಿಸಿದಳು. ಗೆರೆಯ ಮೇಲೆ ಪಟ್ಟಿ ಇಟ್ಟು ಅಳೆದಳು: ಇಪ್ಪತ್ತೆರಡು ಸೆಂಟಿಮೀಟರ್. ಸುತ್ತಿನ ದಾರ ಅರವತ್ತೊಂಬತ್ತು. ಬೋರ್ಡಿನ ಮೇಲೆ ಭಾಗಿಸುವಾಗ ಎರಡು ಸಲ ಅಳಿಸಿದಳು. ಮೂರು ಪಾಯಿಂಟ್ ಒಂದು ಮೂರು.

"ಈಗ ಇಪ್ಪತ್ತೆರಡಕ್ಕ ಏಳರಿಂದ ಭಾಗಿಸು."

ಮೂರು ಪಾಯಿಂಟ್ ಒಂದು ನಾಲ್ಕು. ಒಂದೇ ಒಂದು ಕೂದಲೆಳೆಯ ವ್ಯತ್ಯಾಸ.

"ಯಪ್ಪಾ!" ಎಂದಳು ರಾಜಬಿ. ಎಲ್ಲರೂ ಮಡಚಿದರು, ಬಿಡಿಸಿದರು, ಅಳೆದರು. ಮೂರು ಪಾಯಿಂಟ್ ಒಂದು, ಒಂದು ಐದು, ಒಂದು ಎರಡು. ದೊಡ್ಡ ರೊಟ್ಟಿಗೂ ಅಷ್ಟೇ, ಗುಬ್ಬಿ ರೊಟ್ಟಿಗೂ ಅಷ್ಟೇ. ಇಪ್ಪತ್ಮೂರನ್ನು ಏಳರಿಂದ ಭಾಗಿಸಿದರೆ ಯಾರ ರೊಟ್ಟಿಗೂ ಹೊಂದುವುದಿಲ್ಲವೆಂದು ರಾಜಬಿ ತಾನೇ ಲೆಕ್ಕ ಹಾಕಿ ಒಪ್ಪಿಕೊಂಡಳು.

ಒಪ್ಪಿಕೊಂಡವಳು ಸುಮ್ಮನಿರಬೇಕಲ್ಲ. "ಬಾಯಾರ, ನಿಮ್ಮ ರೊಟ್ಟಿ ಎಲ್ರಿ?"

"ನಂದೇನ ಬಿಡು..."

"ಚೀಲದಾಗ ಐತ್ರಿ, ಕಾಗದ ಕಾಣತೈತ್ರಿ."

ಇಂದ್ರಾಬಾಯಿ ಗುಂಡವ್ವನ ಕಡೆ ನೋಡಿದಳು. ಹುಡುಗಿ ಬೋರ್ಡಿನ ಹತ್ತಿರ ಇನ್ನೂ ಸೀಮೆಸುಣ್ಣ ಹಿಡಿದು ನಿಂತಿದ್ದಳು. ತಾನು ಸರಿ ಮಾಡಿದ್ದು ಹೌದೋ ಅಲ್ಲವೋ ಎಂಬ ಗುಮಾನಿ ಅವಳ ಮುಖದಿಂದ ಹೋಗಿರಲಿಲ್ಲ. ಅವಳ ನಿನ್ನೆಯ ಮಾತು, ತಲೆಗೆ ಬರುವುದಿಲ್ಲ ಎಂದದ್ದು, ಇಂದ್ರಾಬಾಯಿಗೆ ತನ್ನ ತಾಯಿಯ ಹಳೆಯ ಮಾತಿನ ಪಕ್ಕದಲ್ಲೇ ಬಂದು ಕೂತಂತಾಯಿತು. ಇಂದ್ರಾಬಾಯಿ ಚೀಲಕ್ಕೆ ಕೈ ಹಾಕಿ, ಕಾಗದ ಬಿಚ್ಚಿ, ತನ್ನ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಜಿಲ್ಲಾದ ನಕಾಶಿ" ಎಂದಳು ಇಂದ್ರಾಬಾಯಿ ತಾನೇ. "ನನಗ ರೊಟ್ಟಿ ಬಡಿಯಾಕ ಬರೂದಿಲ್ಲ. ನಾಕ ಬಡದೆ, ಮೂರ ಹರದ್ವು, ಇದೊಂದ ಉಳೀತು."

"ಹೌದ್ರಿ! ಮ್ಯಾಲ ಇದು ಇಂಡಿ, ಈ ಕಡಿ ಸಿಂದಗಿ, ಕೆಳಗ ಮುದ್ದೇಬಿಹಾಳ!" ಎಂದು ರಾಜಬಿ ಬೆರಳಿಟ್ಟು ತೋರಿಸಿದಳು. "ನಡಬರಕ ಸುಟ್ಟೈತಲ್ರಿ, ಅದು ನಮ್ಮ ಬಾಗೇವಾಡಿ."

ತರಗತಿ ಹೋ ಎಂದಿತು. ಗುಂಡವ್ವ ಮಾತ್ರ ನಗಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿದಳು. ಪಟ್ಟಿ ಹಿಡಿದು ಒಂದು ಕಡೆಯಿಂದ ಅಳೆದಳು, ಇನ್ನೊಂದು ಕಡೆಯಿಂದ ಅಳೆದಳು. "ಹಿಂಗ ಹದಿನೆಂಟ, ಹಿಂಗ ಇಪ್ಪತ್ಮೂರ. ಯಾವದರಿಂದ ಭಾಗಸೂದ್ರಿ? ಎಲ್ಲಾ ಕಡಿಂದ್ಲೂ ಅಡ್ಡಳತಿ ಒಂದ ಇದ್ರ ಅಷ್ಟ ಪೈ ಬರತೈತಿ, ಇಲ್ಲಂದ್ರ ಇಲ್ಲ."

ಅವಳು ಹೇಳಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಇಂದ್ರಾಬಾಯಿಗೆ ಗೊತ್ತಿತ್ತು: ವೃತ್ತವೆಂದರೆ ಏನೆಂಬುದನ್ನೇ ಹುಡುಗಿ ತನ್ನ ಮಾತಿನಲ್ಲಿ ಹೇಳಿದ್ದಳು.

"ನೀವು ಒಂದ ಕಡಿ ಬಡದೀರಿ ಬಾಯಾರ" ಎಂದು ಹುಡುಗಿ ಮುಂದುವರಿಸಿದಳು, ಈಗ ದನಿಯಲ್ಲಿ ಅಂಜಿಕೆ ಇಲ್ಲ. "ಬಡಿಯಾಕತ್ತಾಗ ತಿರುವಬೇಕ್ರಿ. ಒಂದ ಪೆಟ್ಟು, ಇಷ್ಟ ತಿರುವೂದು. ಇನ್ನೊಂದ ಪೆಟ್ಟು, ಇಷ್ಟ ತಿರುವೂದು. ಹಿಟ್ಟಿಗಿ ಎಸರ ಕಡಿಮಿ ಆಗೈತಿ, ಅದಕ್ಕ ಹರದಾವು."

"ನೀ ಎಷ್ಟ ದಿನಕ್ಕ ಕಲ್ತಿ?"

"ಒಂದ ತಿಂಗಳ್ರಿ. ನಮ್ಮವ್ವ ದಿನಾ ಒಂದ ಉಂಡಿ ಕೊಡ್ತಿದ್ಲ್ರಿ, ಒಂದ. ಹರದದ್ದ ನಾಯಿಗಿ ಹಾಕ್ತಿದ್ದೆ. ಆ ತಿಂಗಳ ನಮ್ಮ ನಾಯಿ ದಪ್ಪ ಆಗಿತ್ತು."

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಹೆಡ್‌ಮಾಸ್ತರ ಶ್ರೀಶೈಲಪ್ಪನವರು. ಒಗ್ಗರಣೆಯ ವಾಸನೆ ಹಿಡಿದು ಅವರು ಪಡಸಾಲೆ ದಾಟಿ ಬಂದಿದ್ದರು.

"ಇಂದ್ರಾಬಾಯಾರ, ಇದೇನ ಸಾಲಿಯೋ ಖಾನಾವಳಿಯೋ?"

"ರೇಖಾಗಣಿತ ನಡದೈತ್ರಿ ಸರ್."

"ಹಂಗೇನು?" ಅವರು ಬೋರ್ಡು ನೋಡಿದರು, ರೊಟ್ಟಿಗಳನ್ನು ನೋಡಿದರು, ಕಿಟಕಿಯ ಕಟ್ಟೆಯ ಮೇಲಿನ ಎಣ್ಣೆಗಾಯಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಆ ಗುಂಡವ್ವನ ಅರ್ಜಿ ನಿಮ್ಮ ಕಡಿ ಐತಂತಲ್ಲ. ಶನಿವಾರ ಕೊಟ್ಟಬಿಡ್ರಿ."

ಎಲ್ಲರೆದುರು ಹೆಸರು ಬಂದದ್ದಕ್ಕೆ ಗುಂಡವ್ವನ ಮುಖ ಕೆಂಪಾಯಿತು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮತ್ತೆ ಎತ್ತಿಕೊಂಡಳು.

"ಸರ್," ಎಂದಳು ನೆಲ ನೋಡುತ್ತ, "ಅದನ್ನ ಒಂದ ತಿಂಗಳ ತಡೀರ್ರಿ. ದಿನಾ ಒಂದ ಲೆಕ್ಕ ಮಾಡ್ತೇನ್ರಿ. ಬರಲಿಲ್ಲಂದ್ರ ಆವಾಗ ಕೊಡ್ತೇನಿ."

ಶ್ರೀಶೈಲಪ್ಪನವರು ಇಂದ್ರಾಬಾಯಿಯತ್ತ ನೋಡಿದರು. ಅವಳು ಪುಸ್ತಕದಿಂದ ಅರ್ಜಿ ತೆಗೆದು ಅವರ ಕೈಗಲ್ಲ, ಗುಂಡವ್ವನ ಕೈಗೆ ಕೊಟ್ಟಳು. "ಇಕಿದು ಇಕಿಯ ಕೈಯಾಗ ಇರಲ್ರಿ ಸರ್. ಆರ ತಿಂಗಳದ ಸಹಾಮಾಹಿ ಪರೀಕ್ಷಾನೂ ಇನ್ನೊಂದ ತಿಂಗಳಕ್ಕ ಐತಲ್ರಿ."

"ಆಗಲಿ, ಪರೀಕ್ಷಾ ಆಗಲಿ" ಎಂದರು ಹೆಡ್‌ಮಾಸ್ತರರು. "ಆದ್ರ ಇಷ್ಟು ರೇಖಾಗಣಿತ ಏನ್ ಮಾಡ್ತೀರಿ ಈಗ?"

ರಾಜಬಿ ಆಗಲೇ ಎಲೆ ಹುಡುಕಲು ಓಡಿದ್ದಳು.

ಶನಿವಾರ ಸಂಜೆ ಕಾಶಿಬಾಯಿ ಸಿಂದಗಿಯಿಂದ ಬಂದಳು. ಮೊಮ್ಮಗನ ಸುದ್ದಿ ಪೂರಾ ಹೇಳಿ, ಹೊಸ್ತಿಲು ದಾಟುವಾಗ ಕೇಳಿದಳು: "ಬಾಯಾರ, ಸೋಮಾರದಿಂದ ಎಷ್ಟ ರೊಟ್ಟಿ?"

"ದಿನದಂಗ. ನಾಕು" ಎಂದಳು ಇಂದ್ರಾಬಾಯಿ.

ಸಿದ್ದರಾಯ ಆಲಮಟ್ಟಿಯ ಬಸ್ಸಿಳಿದು ಬಂದು ಅರಿವೆಯ ಗಂಟು ಅವಳ ಕೈಗಿತ್ತ. "ಎಂಟ ಅದಾವ. ಊರಾಗೆಲ್ಲಾ ನಗಾಕತ್ತಾರಲ್ಲ, ಬಾಯಾರು ನಕಾಶಿ ತೋರಿಸಿ ಗಣಿತ ಹೇಳಿದ್ರಂತ?"

"ಹೌದು, ತೋರಿಸಿದೆ."

"ನಮ್ಮವ್ವ ಇದ್ದಿದ್ರ ಕುಣೀತಿದ್ಲು" ಎಂದು ನಕ್ಕು ಅವನು ಕಾಲು ತೊಳೆಯಲು ಹಿತ್ತಲಿಗೆ ಹೋದ.

ಇಂದ್ರಾಬಾಯಿ ಎಂಟು ರೊಟ್ಟಿಗಳನ್ನು ಬುಟ್ಟಿಯಲ್ಲಿಟ್ಟಳು. ಹಿತ್ತಲಲ್ಲಿ ನೀರಿನ ಸದ್ದಾಗುತ್ತಿತ್ತು. ಅವಳು ಮಂಚದ ಕೆಳಗೆ ಬಗ್ಗಿ ಕೊಣಮಿಗೆಯನ್ನು ಎಳೆದು, ಸೆರಗಿನಿಂದ ಒರೆಸಿ, ಒಲೆಯ ಪಕ್ಕ ಕೈಗೆ ಸಿಗುವಂತೆ ಇಟ್ಟಳು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ದಿನಕ್ಕೊಂದು ಉಂಡಿಯ ಲೆಕ್ಕದಲ್ಲಿ ತಿಂಗಳಿಗೆ ಸಾಕಾಗುವಷ್ಟಿತ್ತು. ಹರಿದದ್ದಕ್ಕೆ ಹಿತ್ತಲಾಚೆ ಕಾಶಿಬಾಯಿಯ ಎಮ್ಮೆ ಇತ್ತು, ಅದು ಯಾರಿಗೂ ಹೇಳುವುದಿಲ್ಲ.

"ಏನ ಹುಡಕಾಕತ್ತಿ?" ಎಂದು ಸಿದ್ದರಾಯ ಹಿತ್ತಲಿನಿಂದ ಕೂಗಿದ.

"ಏನಿಲ್ಲ" ಎಂದು ಇಂದ್ರಾಬಾಯಿ ಡಬ್ಬಿಯ ಮುಚ್ಚಳ ಹಾಕಿದಳು.