ಹೊಸ ಮಿಣಿಯ ಮೇಲೆ ಯಲ್ಲಾರಿ

ಕೊಣ್ಣೂರಿನ ತೋಟಗಳಲ್ಲಿ ಬಾವಿಗೆ ಹೊಸ ಮಿಣಿ ಕಟ್ಟಿದ ದಿನ ಅದರ ಮೇಲೆ ಮೊದಲು ಕೂರುತ್ತಿದ್ದವನು ಎತ್ತು ಹೊಡೆಯುವವನಲ್ಲ, ಮಿಣಿ ಹೆಣೆದ ಯಲ್ಲಾರಿ. ಎತ್ತುಗಳು ಬಾವಿಯ ದಂಡೆಯಿಂದ ಇಳಿಜಾರಿಗೆ ಇಳಿಯುತ್ತಿರುವಾಗ, ನೀರು ತುಂಬಿದ ತೊಗಲ ಚೀಲ ತಳದಿಂದ ಮೇಲೇಳುತ್ತಿರುವಾಗ, ಬಿಗಿದು ನಿಂತ ಆ ತೊಗಲ ಹಗ್ಗದ ಮೇಲೆ ಕರಿಯ ಕೋಟಿನ ಮುದುಕನೊಬ್ಬ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಕುಳಿತಿರುವುದನ್ನು ಕಂಡು ಹೊಸಬರು ನಗುತ್ತಿದ್ದರು. ಊರವರು ನಗುತ್ತಿರಲಿಲ್ಲ. ನಮ್ಮ ತೋಟದ ಮಿಣಿಯ ಮೇಲೂ ಅವನು ಹಾಗೆ ಕುಳಿತದ್ದನ್ನು ನಾನು ಕಂಡಿದ್ದೇನೆ. ನೀರು ಕಾಲುವೆಗೆ ಸುರಿದ ಮೇಲೆ ಇಳಿದು, "ಇನ್ನ ನಡಸ್ರಿ" ಎಂದಷ್ಟೇ ಹೇಳಿ ಹೊರಟುಬಿಡುತ್ತಿದ್ದ.

ದೀಕ್ಷಾಸ್ನಾನದಲ್ಲಿ ಅವನಿಗಿಟ್ಟ ಹೆಸರು ನೆಹೆಮೀಯ. ಅದು ಊರಿನ ನಾಲಗೆಗೆ ಹೊರಳದೆ ಅವನು ಯಲ್ಲಾರಿಯಾಗಿಯೇ ಉಳಿದ. ಮಿಶನ್ನಿನ ಪಾದ್ರಿಯೊಬ್ಬರು ಬಿಟ್ಟುಹೋದ ಆ ಕೋಟಿನ ತೋಳುಗಳು ಉದ್ದವಾದ್ದರಿಂದ ಎರಡು ಸಲ ಮಡಚಿರುತ್ತಿದ್ದವು. ಒಂದು ಕಿಸೆಯಲ್ಲಿ ಕೀರ್ತನೆಯ ಪುಸ್ತಕ, ಇನ್ನೊಂದರಲ್ಲಿ ತೊಗಲು ಚುಚ್ಚುವ ಆರಿ. ಹಸಿ ತೊಗಲು ಹೊತ್ತು ಹೊತ್ತು ಎಡಭುಜ ಕುಸಿದಿದ್ದರಿಂದ, ಯಾರದೋ ಗುಟ್ಟಿನ ಮಾತಿಗೆ ಕಿವಿಗೊಟ್ಟು ನಡೆಯುವವನಂತೆ ಕಾಣುತ್ತಿದ್ದ. ಅವನ ಕೆಲಸವನ್ನು ಯಾರಾದರೂ ಹೊಗಳಿದರೆ ಉತ್ತರ ಒಂದೇ: "ಕೈ ನಂದ್ರಿ, ಕೆಲಸ ಅವಂದು."

ಇದು ವಿನಯದ ಮಾತಾಗಿರಲಿಲ್ಲ, ಅವನ ಸಿದ್ಧಾಂತವಾಗಿತ್ತು. ಯಾರು ಉಳಿಯಬೇಕು, ಯಾರು ಅಳಿಯಬೇಕು ಎಂಬುದನ್ನು ಕರ್ತನು ಲೋಕ ಹುಟ್ಟುವ ಮುಂಚೆಯೇ ನೇಮಿಸಿದ್ದಾನೆ, ಮನುಷ್ಯನ ಪ್ರಯತ್ನ ಅದಕ್ಕೆ ಒಂದು ಎಳೆಯನ್ನೂ ಸೇರಿಸಲಾರದು ಎಂದು ಅವನು ದೃಢವಾಗಿ ನಂಬಿದ್ದ. ಹುಕ್ಕೇರಿಯ ಉಪದೇಶಿ ಗಿದ್ಯೋನ ಮಾಸ್ತರರು ಇದಕ್ಕೆ ಬದ್ಧವಿರೋಧಿ. ದೇವರು ದಾರಿ ತೋರಿಸುತ್ತಾನೆ, ನಡೆಯುವುದೂ ಬಿಡುವುದೂ ಮನುಷ್ಯನ ಇಚ್ಛೆ, ನಡತೆಯಿಲ್ಲದ ನಂಬಿಕೆ ಬರಿಯ ಬಾಯಿಮಾತು ಎಂಬುದು ಅವರ ಬೋಧನೆ. ಗೋಕಾಕದಲ್ಲಿ ಆರಾಧನೆ ಮುಗಿದ ಮೇಲೆ ಇಬ್ಬರೂ ಬೇವಿನ ಕೆಳಗೆ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ.

"ಮನಶ್ಯಾ ತನ್ನ ಬಲದಿಂದ ಆ ಕಡೆ ಒಂದ ಹೆಜ್ಜಿ ಇಡಲಾರಾ, ಮಾಸ್ತರ. ಅವನಽ ಎತ್ತಿ ಇಡಬೇಕು."

"ಮತ್ತ ಕೊಣ್ಣೂರಿಂದ ಇಲ್ಲೀತನಕ ನಿನ್ನ ಅವನಽ ಹೊತ್ತ ತಂದಾನೇನು?"

"ತಂದಾನ್ರಿ. ನೋಯಾಕತ್ತಿದ್ದ ಕಾಲಷ್ಟ ನನ್ನವು."

ಯಲ್ಲಾರಿಯ ಹೆಂಡತಿ ಮರೆವ್ವ ಬುತ್ತಿಯ ಗಂಟು ಬಿಚ್ಚುತ್ತ ಅನ್ನುವಳು: "ಇವರಿಬ್ಬರೂ ಸ್ವರ್ಗದ ಬಾಗಲದಾಗ ನಿಂತು, ನಾವ ಬಂದ್ವೋ ಅವ ಕರಕೊಂಡ ಬಂದ್ನೋ ಅಂತ ಜಗಳಾಡತಾರ. ಹಿಂದ ನಿಂತಾವ್ರಿಗೆ ಒಳಗ ಹೋಗಾಕ ದಾರಿ ಇಲ್ಲ."

ಒಂದು ಚಳಿಗಾಲದಲ್ಲಿ ಮೂಡಲಗಿಯಲ್ಲಿ ಸುತ್ತಿನ ಕ್ರೈಸ್ತರ ಕೂಟ ಸೇರಿತು. ಈ ಸಲ ಎಲ್ಲರೆದುರು ಉತ್ತರ ಕೊಡು ಎಂದು ಮಾಸ್ತರರು ಹೇಳಿಕಳಿಸಿದ್ದರು. ಆ ಮುಂಜಾನೆ ಯಲ್ಲಾರಿಯ ಕೈಯಲ್ಲಿ ಮಾಲಿಂಗಪ್ಪನೆಂಬ ರೈತನ ಮಿಣಿ ಇತ್ತು. ಎರಡು ತುಂಡು ಕೂಡುವ ಕಡೆ ಎರಡು ಸಾಲು ಹೊಲಿಗೆ ಬೀಳಬೇಕು, ಒಂದು ಬಿದ್ದಿತ್ತು. ಮೂಡಲಗಿಯ ಬಂಡಿ ಅಂಗಳದಲ್ಲಿ ನಿಂತಿತ್ತು. ಯಲ್ಲಾರಿ ದಾರ ಕಡಿದು, ಮಿಣಿಯನ್ನು ಮಾಲಿಂಗಪ್ಪನ ಮನೆಗೆ ಮುಟ್ಟಿಸಿ, ಬಂಡಿ ಹತ್ತಿದ. ಕೂಟದಲ್ಲಿ ಸೊಗಸಾಗಿ ವಾದಿಸಿದ. ಮೂರನೆಯ ದಿನ ಊರಿಗೆ ಬಂದಾಗ ಮಾಲಿಂಗಪ್ಪ ಹಾಸಿಗೆ ಹಿಡಿದಿದ್ದ. ಮಿಣಿ ಕೂಡಿದಲ್ಲೇ ಹರಿದು, ಮೇಲೆ ಕುಳಿತಿದ್ದ ಅವನು ಕಲ್ಲಿನ ಮೇಲೆ ಬಿದ್ದು ತೊಡೆಯೆಲುಬು ಮುರಿದುಕೊಂಡಿದ್ದ.

ಯಲ್ಲಾರಿ ಆರಿಯನ್ನು ಮುಟ್ಟುವುದು ಬಿಟ್ಟ. ತಿಂಗಳಿಗೊಮ್ಮೆ ಕರ್ತನ ನೆನಪಿಗೆ ರೊಟ್ಟಿ ಮುರಿದು ಹಂಚುವ ಭೋಜನದ ದಿನ ಎಲ್ಲರೂ ಅದಕ್ಕೆ ಕೈ ಒಡ್ಡುವಾಗ ಇವನು ತಾನು ತಕ್ಕವನಲ್ಲವೆಂಬಂತೆ ಎದ್ದು ಹೊರಗೆ, ಚಪ್ಪಲಿಗಳ ಬಳಿ, ಕೂತ. ಮುಂದಿನ ತಿಂಗಳೂ ಹಾಗೆಯೇ. ಎಲ್ಲ ಕರ್ತನ ಚಿತ್ತವೆಂದು ಹೇಳುತ್ತಿದ್ದವನಿಗೆ ಆ ಮಾತೊಂದೇ ಸಾಕಾಗಬೇಕಿತ್ತು, ಸಾಕಾಗಲಿಲ್ಲ. ಮೂರನೆಯ ತಿಂಗಳು ಮಾಸ್ತರರು ಹುಕ್ಕೇರಿಯಿಂದ ಅವನ ಮನೆಗೇ ಬಂದರು.

"ಅವನ ಚಿತ್ತ ಇಲ್ದ ಏನೂ ಆಗಂಗಿಲ್ಲ ಅಂತ ಹೇಳಾವ ನೀನ. ಇದೂ ಅವನ ಚಿತ್ತ ಅನ್ನು, ಯಲ್ಲಾರಿ. ಒಳಗ ಬಾ."

"ಮಾಸ್ತರ, ಈ ಮಾತ ನೀವ ಅಂತೀರಿ?"

"ಇವತ್ತೊಂದ ದಿನ ಅಂತೀನಿ."

ಯಲ್ಲಾರಿ ಅಂಗೈ ನೋಡಿಕೊಂಡ. "ಚಲೋ ಕೆಲಸಕ್ಕೆಲ್ಲಾ ಅವನ ಹೆಸರ ಹೇಳಿದ್ನಿ. ಬಿಟ್ಟ ಸಾಲಿಗೂ ಅವನ ಹೆಸರ ಹೇಳಾಕ ನಾಲಗಿ ಏಳವಲ್ದ್ರಿ. ಅದನ್ನ ಬಿಟ್ಟಾವ ನಾನ."

"ಕೂಟಕ್ಕ ಬಾ ಅಂತ ಅವಸರ ಮಾಡಿದಾವ ನಾನ."

"ಮತ್ತ ಸುರು ಆತು ನೋಡು," ಎಂದಳು ಮರೆವ್ವ ಒಲೆಯ ಮುಂದಿನಿಂದ. "ಇಲ್ಲಿ ಕುಂತ ತಪ್ಪ ಹಂಚಿಕೊಂಡ್ರ ಏನ ಬಂತು? ಹೋಗಿ ಆ ಮಾಲಿಂಗಪ್ಪನ ಮುಂದ ಹೇಳ್ರಿ."

ಮರುದಿನ ಯಲ್ಲಾರಿ ಹೋದ. ಗೋಡೆಗೆ ಆನಿಕೊಂಡಿದ್ದ ಮಾಲಿಂಗಪ್ಪ, "ಶಿವನಿಚ್ಛಾ. ಮಿಣಿ ಹರಿತು, ನೀ ಏನ ಮಾಡ್ತಿ?" ಎಂದು ಅವನೇ ಸಮಾಧಾನ ಹೇಳಿದ.

"ಶಿವನಿಚ್ಛಾ ಅಲ್ರಿ ಧಣ್ಯಾರ. ಎರಡ ಸಾಲ ಹೊಲಿಯೂದಿತ್ತು, ಒಂದ ಹೊಲದ್ನಿ. ಮೂಡಲಗಿಗೆ ವಾದಾ ಮಾಡಾಕ ಹೋಗೂದಿತ್ತು."

ಮಾಲಿಂಗಪ್ಪನ ಮುಖ ಬಿಗಿಯಿತು. ಕೇಳಿದ: "ಗೆದ್ದ್ಯಾ?"

"ಗೆದ್ದ್ನಿರಿ."

"ಏನಂತ?"

"ಮನಶ್ಯಾನ ಕೈಯಾಗ ಏನೂ ಇಲ್ಲ ಅಂತ."

ನೋವಿನ ತೊಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮಾಲಿಂಗಪ್ಪ ನಕ್ಕ, ನಕ್ಕು ಕಣ್ಣೊರೆಸಿಕೊಂಡ. "ಹೋಗು, ಇನ್ನೊಂದ ಮಾಡ್ಕೊಂಡ ಬಾ. ಅದರ ಮ್ಯಾಲ ಮದಲ ನೀ ಕೂಡಬೇಕು. ಆಮ್ಯಾಲ ನನ್ನ ಮಂದಿ."

ಯಲ್ಲಾರಿ ಆರಿ ಹಿಡಿದ. ಹೊಸ ಮಿಣಿಯ ಮೇಲೆ ಮೊದಲು ತಾನೇ ಕೂತ; ಅಂದಿನಿಂದ ಹೆಣೆದ ಪ್ರತಿಯೊಂದು ಮಿಣಿಯ ಮೇಲೂ ಹಾಗೆಯೇ. ಮುಂದಿನ ಭೋಜನದ ದಿನ ಒಳಗೆ ಬಂದು, ಕೈ ಒಡ್ಡಿ, ರೊಟ್ಟಿ ತೆಗೆದುಕೊಂಡ. ಮಾಲಿಂಗಪ್ಪ ಕುಂಟುತ್ತಲೇ ಉಳಿದ. ಆ ಕುಂಟು ನಡಿಗೆ ಬೀದಿಯಲ್ಲಿ ಕಂಡಾಗಲೆಲ್ಲ ಯಲ್ಲಾರಿ ಎದ್ದು ನಿಲ್ಲುತ್ತಿದ್ದ. ಮಾಸ್ತರರೊಡನೆ ವಾದ ನಿಲ್ಲಲಿಲ್ಲ, ತನ್ನ ಮಾತಿನಿಂದ ಅವನು ಕದಲಲೂ ಇಲ್ಲ. ಕೈಯ ಕೆಲಸ ಮುಗಿಯದೆ ಬೇವಿನ ಕೆಳಗೆ ಕೂರುವುದನ್ನು ಮಾತ್ರ ಬಿಟ್ಟ.

ಮನುಷ್ಯನ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ನಾಲ್ಕಕ್ಷರ ಓದಿದ ನನಗೂ ಬಗೆಹರಿದಿಲ್ಲ. ಒಳಿತಾದಾಗ ಮೇಲಕ್ಕೆ ಬೆರಳು ತೋರಿಸಿ, ಕೆಟ್ಟಾಗ ಅದೇ ಬೆರಳನ್ನು ತಮ್ಮೆದೆಗೆ ತಿರುಗಿಸಿಕೊಳ್ಳುವ ಜನರು ಎಲ್ಲ ಮತಗಳಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರ ಮಾತು ತರ್ಕದ ಮುಂದೆ ನಿಲ್ಲುವುದಿಲ್ಲ. ಆದರೆ ಅವರು ಹೆಣೆದ ಹಗ್ಗದ ಮೇಲೆ ಊರು ನಿಶ್ಚಿಂತೆಯಿಂದ ಕೂರುತ್ತದೆ.