ಗುಡಿಸಲಜ್ಜಿಯ ಸಾಮಾನು

ಒಂದಾನೊಂದು ಊರಿನಲ್ಲಿ, ಊರು ಅಂದರೆ ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿ, ಶ್ರಾವಣಿ ಎಂಬ ಹುಡುಗಿ ಇದ್ದಳು. ಅವಳಿಗೆ ಇಪ್ಪತ್ತನಾಲ್ಕು ವರ್ಷ, ಒಂದು ಆಫೀಸು ಕೆಲಸ, ಮತ್ತು ಏಳು ದಟ್ಟ ಕಾಡುಗಳನ್ನು ದಾಟಿದ ಅನುಭವ. ದಾಟಿದ್ದು ಮಾತ್ರ ಅಜ್ಜಿ ರಮಾದೇವಿಯವರ ತೊಡೆಯ ಮೇಲೆ ತಲೆಯಿಟ್ಟು, ಕತೆ ಕೇಳುತ್ತ. ನಿಜವಾದ ಕಾಡಿನಲ್ಲಿ ಅವಳು ಒಂದು ರಾತ್ರಿಯೂ ಮಲಗಿದವಳಲ್ಲ. ಆ ಆಸೆ ಚಿಕ್ಕಂದಿನಿಂದ ಎದೆಯಲ್ಲಿ ಹಾಗೇ ಕೂತಿತ್ತು.

ಆಫೀಸಿನ ಗೆಳತಿ ಬ್ರೆಂಡಾ ರಜೆ ಸಿಕ್ಕಿದರೆ ಸಾಕು, ಜನ ಕಟ್ಟಿಕೊಂಡು ಘಟ್ಟ ಹತ್ತುವವಳು. ದಸರಾ ರಜೆಯ ಚಾರಣಕ್ಕೆ ಅವಳ ತಂಡದಲ್ಲಿ ಒಂದೇ ಜಾಗ ಉಳಿದಿತ್ತು.

"ನೀನು ಬಸ್ಸಲ್ಲಿ ಜ್ಯೋತಿ ಸ್ಟಾಪಿಗೆ ಟಿಕೆಟ್ ತೆಗೆದು, ಕನಸು ಕಾಣ್ತಾ ಕುಲಶೇಖರದಲ್ಲಿ ಇಳಿಯುವವಳು ಮಾರಾಯ್ತಿ," ಅಂದಳು ಬ್ರೆಂಡಾ. "ಕಾಡಲ್ಲಿ ದಾರಿ ತಪ್ಪಿದರೆ ಎಂತ ಮಾಡ್ತಿ? ಭಾನುವಾರ ಚೀಲ ಕಟ್ಟಿಕೊಂಡು ನಮ್ಮನೆಗೆ ಬಾ. ನೀರು, ಕಟ್ಟಿಗೆ ನಾನು ಕೊಡ್ತೇನೆ, ಅದು ಕಾಡಲ್ಲೂ ಸಿಗ್ತದೆ. ಬಾಕಿ ನಿನ್ನ ಚೀಲದಿಂದ. ಅಂಗಳದಲ್ಲಿ ನನಗೊಂದು ಲೋಟ ಚಾ ಮಾಡಿ ಕೊಡು. ಚಾ ಬಂದರೆ ಸೀಟು ನಿನ್ನದು. ಇಲ್ಲದಿದ್ರೆ ಡುಲ್ಸಿನ್‌ಗೆ, ಅವಳು ಕೇಳ್ತಾ ಇದ್ದಾಳೆ."

"ಕೊಟ್ಟೇ ಕೊಡ್ತೇನೆ," ಎಂದು ಶ್ರಾವಣಿ ಮಾತು ಕೊಟ್ಟಳು.

ಭಾನುವಾರ ಬಿಕರ್ನಕಟ್ಟೆಯ ಇಳಿಜಾರಿನಲ್ಲಿದ್ದ ಬ್ರೆಂಡಾಳ ಮನೆಯ ಅಂಗಳದಲ್ಲಿ ಚೀಲ ಬಿಚ್ಚಿಕೊಂಡಿತು. ಮೂರು ಬಣ್ಣ ಬೀರುವ, ಹಣೆಗೆ ಕಟ್ಟುವ ದೀಪ ಬಂತು, ದಿಕ್ಸೂಚಿ ಬಂತು, ಹದಿಮೂರು ಅಲಗಿನ ಚಾಕು ಬಂತು. ಅವುಗಳ ಹಿಂದೆ ಒಂದು ಉಂಡೆ ನೂಲು, ಕೈಗನ್ನಡಿ, ಬಾಚಣಿಗೆ.

"ಬಾಚಣಿಗೆ ಎಂತಕ್ಕೆ?"

ಬೆನ್ನಟ್ಟಿ ಬರುವ ರಾಕ್ಷಸಿಯ ಮುಂದೆ ಎಸೆದರೆ ಅದು ಬಿದಿರುಮೆಳೆಯಾಗಿ ಎದ್ದು ನಿಲ್ಲುತ್ತದೆ ಎಂದು ಹೇಳುವುದಾದರೂ ಹೇಗೆ? "ತಲೆ ಬಾಚಲಿಕ್ಕೆ," ಅಂದಳು ಶ್ರಾವಣಿ.

"ಸರಿ. ಬೆಂಕಿಪೆಟ್ಟಿಗೆ ಎಲ್ಲುಂಟು?"

ಇರಲಿಲ್ಲ.

"ಪಾತ್ರೆ?"

ಅದೂ ಇರಲಿಲ್ಲ.

"ಮತ್ತೆ ನೀರು ಎಂತದ್ರಲ್ಲಿ ಕಾಯಿಸ್ತಿ, ಕನ್ನಡಿಯಲ್ಲಾ?" ಬ್ರೆಂಡಾ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣೊರೆಸಿಕೊಂಡು ಕೊನೆಗೆ ಅಂದಳು: "ಇನ್ನೊಂದು ಭಾನುವಾರ ಕೊಡ್ತೇನೆ. ಅಷ್ಟೇ."

ಮನೆಗೆ ಬಂದಾಗ ಅಜ್ಜಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತ ಕೂತಿದ್ದರು. ಶ್ರಾವಣಿ ಎದುರಿಗೆ ಚಕ್ಕಳಮಕ್ಕಳ ಹಾಕಿದಳು.

"ಅಜ್ಜಿ, ಕತೆಯ ರಾಜಕುಮಾರ ಕಾಡಿಗೆ ಹೋಗುವಾಗ ಎಂತೆಲ್ಲ ಹಿಡ್ಕೊಂಡು ಹೋಗಿದ್ದ?"

"ಒಂದು ಕತ್ತಿ, ಒಂದು ಜಂಬ. ಮತ್ತೆಂತ ಇಲ್ಲ."

"ಹಾಗಾದ್ರೆ ಊಟ? ನೀರು?"

"ಕಾಡಿಗೊಂದು ಗುಡಿಸಲು, ಗುಡಿಸಲಿಗೊಂದು ಅಜ್ಜಿ ಉಂಟಲ್ಲ. 'ಯಾರು ಮಗಾ ನೀನು, ಎಲ್ಲಿಂದ ಬಂದೆ, ಬಾಯಾರಿಕೆಗೆ ಎಂತ ಕೊಡ್ಲಿ' ಅಂತ ಕೇಳಿ ಗಂಜಿ ಬಡಿಸ್ತಾಳೆ. ಅವಳಿಲ್ಲದಿದ್ರೆ ನಿನ್ನ ರಾಜಕುಮಾರ ಎರಡನೇ ದಿನ ಹೊಟ್ಟೆ ಹಿಡ್ಕೊಂಡು ಅರಮನೆಗೆ ವಾಪಸು."

ಶ್ರಾವಣಿ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಹಾಕಿದಳು. "ಆ ಗುಡಿಸಲಲ್ಲಿ ಎಂತೆಲ್ಲ ಇತ್ತು ಅಜ್ಜಿ?"

ಅಜ್ಜಿಯ ಕೈ ನಿಂತಿತು. "ಇಷ್ಟು ವರ್ಷಕ್ಕೆ ಈಗ ಕೇಳಿದ್ಯಲ್ಲ! ಯಾವಾಗ ನೋಡಿದ್ರೂ ಕುದುರೆಗೆ ಎಂತ ಬಣ್ಣ ಅಂತಲೇ ಕೇಳ್ತಿದ್ದಿ."

"ಈಗ ಹೇಳಿ."

"ಒಂದು ಮುಚ್ಚಳದ ಪಾತ್ರೆ. ಬೆಂಕಿ. ಅದು ಹತ್ತಲಿಕ್ಕೆ ಒಣಗಿದ ತೆಂಗಿನ ನಾರು. ಕಟ್ಟಿಗೆ ಸೀಳಲಿಕ್ಕೆ ಸಣ್ಣ ಕತ್ತಿ, ಅದೂ ಒಂದೇ ಅಲಗಿನದ್ದು. ಹಗ್ಗ, ಉಪ್ಪು, ಬೆಲ್ಲ, ಹೊದಿಲಿಕ್ಕೆ ಒಂದು ಕಂಬಳಿ. ಮಳೆಗೆ ತಲೆ ಮೇಲೊಂದು ಹುಲ್ಲಿನ ಮಾಡು. ನೀನು ಮಾಡು ಹೊತ್ತುಕೊಂಡು ಹೋಗ್ಲಿಕ್ಕಾಗುದಿಲ್ಲ, ಟಾರ್ಪಾಲು ಹಿಡಿ." ಮತ್ತೊಂದು ಬೀಜ ಎತ್ತಿಕೊಂಡು ಸೇರಿಸಿದರು, "ದೇವರ ಕೋಣೆಯಿಂದ ಸ್ವಲ್ಪ ಕರ್ಪೂರ ತೆಗೆ. ಅಪ್ಪನನ್ನು ಕೇಳಿ ತೆಗೆ, ಇಲ್ಲದಿದ್ರೆ ನಾಳೆ ಆರತಿಗೆ ನನ್ನನ್ನೇ ಹಚ್ತಾನೆ. ಡಬ್ಬಿಗೆ ನಾಲ್ಕು ಒಳ್ಳೆಮೆಣಸಿನ ಕಾಳು ಹಾಕಿ ಗಟ್ಟಿ ಮುಚ್ಚು. ಕರ್ಪೂರ ಸುಮ್ಮನೆ ಹಾರಿ ಹೋಗ್ತದೆ, ಥೇಟು ನಿನ್ನ ಮನಸ್ಸಿನ ಹಾಗೆ."

ಮುಂದಿನ ಭಾನುವಾರ ಬೆಳಿಗ್ಗೆಯಷ್ಟೇ ಒಂದು ಮಳೆ ಬಿದ್ದು ಹೋಗಿತ್ತು. ಬ್ರೆಂಡಾ ಬೇಕೆಂದೇ ಒದ್ದೆ ಕಟ್ಟಿಗೆ ಕೊಟ್ಟಳು.

ಶ್ರಾವಣಿ ಮೂರು ಕಲ್ಲು ಹೂಡಿದಳು. ಕಟ್ಟಿಗೆಯ ಒದ್ದೆ ಸಿಪ್ಪೆ ಕೆತ್ತಿ ತೆಗೆದು, ಒಳಗಿನ ಒಣ ತಿರುಳನ್ನು ಬೆರಳಿನಷ್ಟು ತೆಳ್ಳಗೆ ಸೀಳಿದಳು. ಡಬ್ಬಿ ತೆರೆದಾಗ ಬ್ರೆಂಡಾ ಬಗ್ಗಿ ನೋಡಿದಳು.

"ಒಳ್ಳೆಮೆಣಸು! ಚಾ ಆದ ಮೇಲೆ ಸಾರೂ ಉಂಟಾ?"

"ಅದು ಕರ್ಪೂರದ ಕಾವಲಿಗೆ."

"ಕಾವಲು ನಿನಗೂ ಬೇಕು."

ನಾರು ಹತ್ತಿಕೊಂಡಿತು. ಹೊಗೆ ಸುರುಳಿ ಸುರುಳಿಯಾಗಿ ಪೇರಳೆ ಮರದ ಕಡೆ ಏರಿತು. ಅದರೊಳಗೆ ಬಿಳಿ ಕುದುರೆಯೊಂದು ಜೀನು ಸಮೇತ ಮೂಡುತ್ತಿದೆಯೆಂದು ಶ್ರಾವಣಿ ಬಾಯಿ ತೆರೆದು ನೋಡುತ್ತಿರುವಾಗಲೇ ಬೆಂಕಿ ಆರಿಹೋಯಿತು.

"ಡುಲ್ಸಿನ್‌ಗೆ ಫೋನ್ ಮಾಡ್ಲಾ?" ಬ್ರೆಂಡಾ ಮೊಬೈಲು ತೆಗೆದಳು.

"ಬೇಡ!"

ಈ ಸಲ ಅವಳು ತಲೆ ಎತ್ತಲಿಲ್ಲ. ಹೊಸ ನಾರು, ಹೊಸ ಕರ್ಪೂರ, ಒಂದೊಂದೇ ಸೀಳು. ಕುದುರೆ ಬಂದಿದ್ದರೆ ಬಂದಿರಲಿ, ಗುಡಿಸಲಜ್ಜಿ ಎಂದಾದರೂ ಕುದುರೆ ನೋಡುತ್ತ ಕೂತದ್ದುಂಟೆ? ಅವಳ ಕಣ್ಣು ಒಲೆಯ ಮೇಲೇ ಇರುತ್ತಿತ್ತು. ಹೊಗೆಗೆ ಕಣ್ಣೀರು ಸುರಿಯಿತು, ಮೂಗಿಗೆ ಮಸಿ ಹತ್ತಿತು. ಪಾತ್ರೆಯ ಮುಚ್ಚಳ ಮೊದಲು ಸಣ್ಣಗೆ ನಡುಗಿ, ಆಮೇಲೆ ಟಕಟಕ ಕುಣಿಯತೊಡಗಿತು.

ಚಾಪುಡಿ ಹಾಕಿದಳು, ಬೆಲ್ಲ ಹಾಕಿದಳು. ಇಳಿಸಿ ಲೋಟಕ್ಕೆ ಬಗ್ಗಿಸುತ್ತಿರುವಾಗ ಬ್ರೆಂಡಾ ಚೀಲದೊಳಗೆ ಕೈ ಹಾಕಿದಳು.

"ಬಾಚಣಿಗೆ ಇನ್ನೂ ಉಂಟಲ್ಲ ಮಾರಾಯ್ತಿ!"

"ಅದು ಹಗುರ. ಇರಲಿ."

ಶ್ರಾವಣಿ ಎರಡೂ ಕೈಯಲ್ಲಿ ಲೋಟ ಹಿಡಿದು, ಮಸಿ ಮೂಗಿನಲ್ಲೇ, ಸ್ವರವನ್ನು ಎಂಬತ್ತು ವರ್ಷದಷ್ಟು ನಡುಗಿಸಿ ಕೇಳಿದಳು: "ಯಾರು ಮಗಾ ನೀನು, ಎಲ್ಲಿಂದ ಬಂದೆ?"

"ಬಿಕರ್ನಕಟ್ಟೆಯಿಂದ ಅಜ್ಜೀ, ಬಾಯಾರಿ ಸಾಯ್ತಾ ಇದ್ದೇನೆ," ಎನ್ನುತ್ತ ಬ್ರೆಂಡಾ ಲೋಟ ತೆಗೆದುಕೊಂಡಳು. ಊದಿದಳು, ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ತಳ ಕಾಣುವವರೆಗೆ ಬಿಡಲಿಲ್ಲ.